ಘಾಟಿಯಲ್ಲಿ ನ್ಯೂಟ್ರಲ್ ಹಾಕಬೇಡಿ. ಕೈಕೊಟ್ಟ ಬ್ರೇಕ್ ತಾನಾಗಿ ಸರಿಹೋದರೆ ನಂಬಬೇಡಿ

ಶಿವಮೊಗ್ಗದಿಂದ ಉಡುಪಿಗೆ ಹೊರಟ ಒಂದು ಡೀಸೆಲ್ ಕಾರು. ಒಳಗೆ ಐದು ಜನ, ಡಿಕ್ಕಿ ತುಂಬ ಸಾಮಾನು. ತೀರ್ಥಹಳ್ಳಿ ದಾಟಿ ಆಗುಂಬೆಯವರೆಗೂ ಯಾವ ತಕರಾರೂ ಇಲ್ಲ. ಘಾಟಿ ಶುರುವಾದದ್ದೇ ಡ್ರೈವರ್ ಗೇರನ್ನು ನ್ಯೂಟ್ರಲ್‌ಗೆ ತಂದ: ಹೇಗೂ ಇಳಿಜಾರು, ಡೀಸೆಲ್ ಯಾಕೆ ಸುಡಬೇಕು ಅಂತ. 14 ಹೇರ್‌ಪಿನ್ ತಿರುವುಗಳಲ್ಲಿ ಒಂಬತ್ತೋ ಹತ್ತೋ ಮುಗಿಯುವಷ್ಟರಲ್ಲಿ ಸುಟ್ಟ ವಾಸನೆ. ಮುಂದಿನ ತಿರುವಿನಲ್ಲಿ ಪೆಡಲ್ ಸ್ಪಂಜಿನ ಹಾಗೆ ಮೆತ್ತಗಾಯಿತು, ಅದರ ಮುಂದಿನದರಲ್ಲಿ ನೆಲಕ್ಕೇ ಹೋಯಿತು. ಹ್ಯಾಂಡ್‌ಬ್ರೇಕ್ ಎಳೆದು, ಗುಡ್ಡದ ಬದಿಯ ಚರಂಡಿಗೆ ಚಕ್ರ ಇಳಿಸಿ ನಿಲ್ಲಿಸಬೇಕಾಯಿತು. ಬಂಪರ್ ಒಡೆಯಿತು, ಜನ ಉಳಿದರು.

ಮುಕ್ಕಾಲು ಗಂಟೆ ಬಿಟ್ಟು ಒತ್ತಿ ನೋಡಿದರೆ ಪೆಡಲ್ ಮೊದಲಿನಷ್ಟೇ ಗಟ್ಟಿ. ಕೆಳಗಿನ ಗ್ಯಾರೇಜಿನಲ್ಲಿ ಲೀಕ್ ಇಲ್ಲ, ಪ್ಯಾಡ್ ಇದೆ, ಆಯಿಲ್ ಲೆವೆಲ್ ಸರಿ ಇದೆ, 'ಏನೂ ಪ್ರಾಬ್ಲಂ ಇಲ್ಲ, ಹೋಗಿ' ಅಂದರು. ಲೀಕ್ ಇಲ್ಲದಿದ್ದದ್ದು ನಿಜ. ಪ್ರಾಬ್ಲಂ ಇಲ್ಲ ಅನ್ನುವುದು ಮಾತ್ರ ಸುಳ್ಳು.

ಬ್ರೇಕ್ ಆಯಿಲ್ ಎಂದು ನಾವು ಕರೆಯುವುದು ಎಣ್ಣೆಯೇ ಅಲ್ಲ. ಹೆಚ್ಚಿನ ಕಾರುಗಳಲ್ಲಿ ಇರುವುದು ಗ್ಲೈಕಾಲ್ ಆಧಾರಿತ ದ್ರವ, ಅದು ಉಪ್ಪಿನ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮುಚ್ಚಳ ತೆಗೆಯದೇ ಇದ್ದರೂ ರಬ್ಬರ್ ಹೋಸ್‌ಗಳ ಮೂಲಕ ನಿಧಾನವಾಗಿ ನೀರು ಸೇರುತ್ತಲೇ ಇರುತ್ತದೆ. ಬೀರುವಿನೊಳಗಿನ ಬಟ್ಟೆಗೂ ಬೂಷ್ಟು ಹಿಡಿಯುವ ಮಲೆನಾಡಿನ ಮಳೆಗಾಲದಲ್ಲಿ ಇದಕ್ಕೆ ಹೆಚ್ಚು ವಿವರಣೆ ಬೇಕಿಲ್ಲ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. 3.7 ಶೇಕಡ ನೀರು ಸೇರಿದ ಮೇಲೆ ಅದೇ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3 ಆದರೆ 205 ಮತ್ತು 140.

ಈಗ ಶಾಖದ ಲೆಕ್ಕ. ಜನ, ಸಾಮಾನು ಸೇರಿ 1,500 ಕಿಲೋ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು ಎರಡು ಯೂನಿಟ್ ವಿದ್ಯುತ್ತಿಗೆ ಸಮ. ಇಪ್ಪತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಅಷ್ಟು ಸಾಕು. ಒಂದಷ್ಟು ಗಾಳಿಗೆ, ಟೈರಿಗೆ ಹೋಗುತ್ತದೆ. ಗಾಡಿ ಗೇರಿನಲ್ಲಿದ್ದರೆ ಉಳಿದದ್ದನ್ನು ಎಂಜಿನ್ ಬ್ರೇಕಿನ ಜೊತೆ ಹಂಚಿಕೊಳ್ಳುತ್ತದೆ. ನ್ಯೂಟ್ರಲ್ ಹಾಕಿದರೆ ಅಷ್ಟೂ ಬ್ರೇಕಿನ ತಲೆಗೆ. ಪ್ಯಾಡಿನಿಂದ ಅದನ್ನು ಒತ್ತುವ ಪಿಸ್ಟನ್‌ಗೆ, ಪಿಸ್ಟನ್‌ನಿಂದ ದ್ರವಕ್ಕೆ ಬಿಸಿ ಹರಿದು, ಚಕ್ರದ ಬಳಿ ಇವನ್ನು ಹಿಡಿದಿರುವ ಕ್ಯಾಲಿಪರ್ ಒಳಗೇ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ, ಆವಿ ಕುಗ್ಗುತ್ತದೆ. ಕಾಲಿನ ಒತ್ತಡವೆಲ್ಲ ಗುಳ್ಳೆ ಅಮುಕುವುದರಲ್ಲೇ ಮುಗಿಯುತ್ತದೆ. ತಣ್ಣಗಾದ ಮೇಲೆ ಆವಿ ಮತ್ತೆ ದ್ರವವಾಗಿ ಪೆಡಲ್ ಗಟ್ಟಿಯಾಗುತ್ತದೆ. ನೀರು ಮಾತ್ರ ಒಳಗೇ ಇರುತ್ತದೆ, ಮುಂದಿನ ಘಾಟಿಗೆ ಕಾಯುತ್ತ.

ಆದ್ದರಿಂದ ಒಮ್ಮೆ ಹೀಗಾದ ಗಾಡಿಗೆ ದ್ರವ ಪೂರ್ತಿ ಬದಲಾಗಲೇಬೇಕು. 'ಪೂರ್ತಿ' ಅನ್ನುವುದನ್ನು ಗಟ್ಟಿಯಾಗಿ ಹೇಳಿ. ಕೆಲವು ಕಡೆ ಮೇಲಿನ ಡಬ್ಬಿಯ ದ್ರವ ಸಿರಿಂಜಿನಲ್ಲಿ ಎಳೆದು ಹೊಸದು ಸುರಿದು ಬಿಲ್ ಮಾಡುತ್ತಾರೆ. ಕುದಿಯುವುದು ಡಬ್ಬಿಯಲ್ಲಿರುವುದಲ್ಲ, ಕ್ಯಾಲಿಪರ್‌ನಲ್ಲಿರುವುದು. ನಾಲ್ಕೂ ಚಕ್ರದ ಬ್ಲೀಡ್ ನಿಪ್ಪಲ್ (ದ್ರವ ಹೊರಬಿಡುವ ಸ್ಕ್ರೂ) ಬಿಚ್ಚಿ, ಕಂದು ಬಣ್ಣ ಹೋಗಿ ಸ್ವಚ್ಛ ದ್ರವ ಬರುವವರೆಗೆ ಹೊರಗೆ ಬಿಡಬೇಕು. ಅರ್ಧದಿಂದ ಒಂದು ಲೀಟರ್ ಬೇಕಾಗುತ್ತದೆ. ಸೀಲ್ ಒಡೆಯದ ಬಾಟಲಿಯನ್ನು ನಿಮ್ಮೆದುರೇ ತೆರೆಸಿ. ಹೋದ ವರ್ಷ ಉಳಿದ ಅರ್ಧ ಬಾಟಲಿ ಬೇಡ. ಓಡಿಸಿದರೂ ನಿಲ್ಲಿಸಿದರೂ ಎರಡು ವರ್ಷಕ್ಕೊಮ್ಮೆ ಬದಲಿಸಿ; ಇಲ್ಲಿ ಕಿಲೋಮೀಟರ್ ಲೆಕ್ಕಕ್ಕಿಂತ ಕಾಲದ ಲೆಕ್ಕ ಮುಖ್ಯ.

ಇನ್ನು ಆ ಡೀಸೆಲ್ ಉಳಿತಾಯ. ಕಾರ್ಬ್ಯುರೇಟರ್ ಇದ್ದ ಹಳೆಯ ಪೆಟ್ರೋಲ್ ಗಾಡಿಗಳ ಕಾಲದಲ್ಲಿ ಇಂಥ ಉಳಿತಾಯಕ್ಕೆ ಅರ್ಥವಿತ್ತು. ಈಗಿನ ಇಂಜೆಕ್ಷನ್ ಎಂಜಿನ್‌ಗಳಲ್ಲಿ, ಪೆಟ್ರೋಲ್ ಇರಲಿ ಡೀಸೆಲ್ ಇರಲಿ, ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿ ತೆಗೆದರೆ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತವೆ. ನ್ಯೂಟ್ರಲ್ ಹಾಕಿದಿರೋ, ಎಂಜಿನ್ ಆರದಂತೆ ಇಂಧನ ಸುರಿಯಲೇಬೇಕು. ಅಂದರೆ ಉಳಿಸಲು ಹೋಗಿ ಖರ್ಚು. ಎರಡನೇ ಗೇರಿನಲ್ಲಿ ಎಂಜಿನ್ ಕೂಗುತ್ತದೆ ಎಂದು ಹೆದರುವವರಿದ್ದಾರೆ. ಆರ್‌ಪಿಎಂ (ಎಂಜಿನ್ ತಿರುಗುವ ವೇಗ) ತೋರಿಸುವ ಮುಳ್ಳು ಕೆಂಪು ಗೆರೆ ಮುಟ್ಟದಿದ್ದರೆ ಕೂಗಲಿ ಬಿಡಿ.

ಎಂಜಿನ್ ಆಫ್ ಮಾಡಿ ಇಳಿಯುವವರೂ ಇದ್ದಾರೆ, ಅದು ಇನ್ನೂ ಕೆಟ್ಟದ್ದು. ಪೆಡಲ್ ಒತ್ತಲು ಕಾಲಿಗೆ ಸಹಾಯ ಮಾಡುವ ಬೂಸ್ಟರ್‌ನಲ್ಲಿ ಉಳಿದ ವ್ಯಾಕ್ಯೂಮ್ ಎರಡು ಮೂರು ಸಲ ಒತ್ತುವಷ್ಟರಲ್ಲಿ ಖಾಲಿ, ಆಮೇಲೆ ಪೆಡಲ್ ಕಲ್ಲು. ಪವರ್ ಸ್ಟಿಯರಿಂಗ್ ಇಲ್ಲ; ಕೀ ಎಳೆದರೆ ಸ್ಟಿಯರಿಂಗ್ ಲಾಕ್ ಆಗಬಹುದು.

ಕಾಲಿಗೆ ಸಿಗುವ ಸೂಚನೆ ಬೇರೆ ಬೇರೆ. ಮೆತ್ತಗಾಗಿ ಕೆಳಗಿಳಿದರೆ ದ್ರವ ಕುದಿದಿದೆ. ಗಟ್ಟಿ ಇದ್ದೂ ಗಾಡಿ ನಿಲ್ಲದಿದ್ದರೆ, ವಾಸನೆಯೂ ಬಂದರೆ, ಪ್ಯಾಡ್ ಕಾದು ಹಿಡಿತ ಬಿಟ್ಟಿದೆ. ಒಮ್ಮೆಲೇ ಕಲ್ಲಿನಂತಾದರೆ ಬೂಸ್ಟರ್ ಸಹಾಯ ಹೋಗಿದೆ. ಮೆತ್ತಗಾದ ಪೆಡಲನ್ನು ಬೇಗಬೇಗ ಪಂಪ್ ಮಾಡಿದರೆ ಸ್ವಲ್ಪ ಹಿಡಿತ ಸಿಗಬಹುದು. ಒಂದೊಂದೇ ಗೇರ್ ಇಳಿಸಿ, ಎಂಜಿನ್ ಆಫ್ ಮಾಡಬೇಡಿ. ಲಿವರ್ ಹ್ಯಾಂಡ್‌ಬ್ರೇಕ್ ಕೇಬಲ್‌ನಿಂದ ಓಡುವುದರಿಂದ ದ್ರವದ ಹಂಗಿಲ್ಲ. ಬಟನ್ ಒತ್ತಿ ಹಿಡಿದುಕೊಂಡೇ ಹಂತಹಂತವಾಗಿ ಎಳೆಯಿರಿ. ನಿಂತ ಮೇಲೆ ಕಾದ ಡಿಸ್ಕ್‌ಗೆ ನೀರು ಎರಚಬೇಡಿ, ಅದು ಬಿರುಕು ಬಿಡಬಹುದು. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಆಟೋಮ್ಯಾಟಿಕ್ ಗಾಡಿಯಲ್ಲಿ ಡಿ ಒಂದನ್ನೇ ನಂಬಬೇಡಿ, ಇಳಿಜಾರಿನಲ್ಲಿ ಅದು ಮೇಲಿನ ಗೇರಿಗೆ ಹೋಗಬಹುದು. ಮ್ಯಾನ್ಯುಯಲ್ ಅಥವಾ ಎಲ್ (ಲೋ, ಕೆಳಗಿನ ಗೇರು) ಹಾಕಿ. ಎಲೆಕ್ಟ್ರಿಕ್ ಕಾರಿನವರು 100 ಶೇಕಡ ಚಾರ್ಜ್ ಮಾಡಿಕೊಂಡು ಘಾಟಿ ತಲೆಗೆ ಬರಬೇಡಿ. ಆ ಗಾಡಿಗಳಲ್ಲಿ ಮೋಟಾರೇ ವೇಗ ತಗ್ಗಿಸುತ್ತ ವಿದ್ಯುತ್ ಮಾಡಿ ಬ್ಯಾಟರಿಗೆ ಕಳಿಸುತ್ತದೆ, ಅದೇ ರೀಜನ್; ತುಂಬಿದ ಬ್ಯಾಟರಿಯಲ್ಲಿ ಆ ವಿದ್ಯುತ್ ಹೋಗಲು ಜಾಗವಿಲ್ಲ. ಮೊದಲ ತಿರುವುಗಳಲ್ಲೇ ಆ ಹಿಡಿತ ಸಿಗುವುದಿಲ್ಲ.

ಲಾರಿಯವರ ಮಾತು ಬೇರೆ: 'ನಮ್ಮದು ಏರ್ ಬ್ರೇಕ್, ಕುದಿಯೋಕೆ ಆಯಿಲ್ಲೇ ಇಲ್ಲ'. ಸರಿ, ಆದರೆ ಡ್ರಮ್ ಕಾದು ಹಿಗ್ಗಿದರೆ ಒಳಗಿನ ಬ್ರೇಕ್ ಶೂ ಅದನ್ನು ಮುಟ್ಟಲು ಇನ್ನಷ್ಟು ದೂರ ಹೋಗಬೇಕು, ಆ ಅಂತರವನ್ನು ಸರಿಪಡಿಸುವ ಸ್ಲ್ಯಾಕ್ ಅಡ್ಜಸ್ಟರ್ ಮೊದಲೇ ಸಡಿಲವಿದ್ದರೆ ಮುಟ್ಟುವುದೇ ಇಲ್ಲ. ಗೇಜಿನಲ್ಲಿ ಗಾಳಿ ಪೂರ್ತಿ ತೋರಿಸುತ್ತಿದ್ದರೂ ಲಾರಿ ನಿಲ್ಲದು. ಎಂಜಿನ್ ಹೊಗೆಯ ದಾರಿ ತಡೆದು ವೇಗ ತಗ್ಗಿಸುವ ಎಕ್ಸಾಸ್ಟ್ ಬ್ರೇಕ್ ಗೇರಿನಲ್ಲಿದ್ದಾಗ ಮಾತ್ರ ಕೆಲಸ ಮಾಡುತ್ತದೆ, ಅದೂ ಆರ್‌ಪಿಎಂ ಏರಿದ್ದಾಗ ಚೆನ್ನಾಗಿ. ಹುಲಿಕಲ್ ಘಾಟಿ ಇಳಿಯಬೇಕಾದರೆ ಗೇರನ್ನು ಮೇಲೆಯೇ ಆರಿಸಿ. ಅರ್ಧ ಇಳಿದ ಮೇಲೆ, ವೇಗ ಏರಿದಾಗ, ತುಂಬಿದ ಲಾರಿಯ ಗೇರ್ ತಪ್ಪಿಸಿದರೆ ಕೆಳಗಿನ ಗೇರು ಮತ್ತೆ ಬೀಳುವುದು ಕಷ್ಟ.