ಸಂಗೀತ ಪಾಠಕ್ಕೆ ಯಾವ ವಿಡಿಯೋ ಕಾಲ್? ನನಗೆ ಜಿಟ್ಸಿಯೇ ಸರಿ

ಮಲ್ಲೇಶ್ವರದ ಮನೆಯಲ್ಲಿ ಹಾಡುಗಾರಿಕೆ ಹೇಳಿಕೊಡುತ್ತೇನೆ. ವೈಟ್‌ಫೀಲ್ಡ್ ಮಕ್ಕಳು ಸಂಜೆ ಟ್ರಾಫಿಕ್‌ನಲ್ಲಿ ಇಲ್ಲಿಗೆ ಬರುವುದು ಆಗದ ಮಾತು, ಅವರಿಗೆಲ್ಲ ಆನ್‌ಲೈನ್ ಪಾಠ. ಹೋದ ವರ್ಷ ಇದಕ್ಕೆಂದೇ ಒಂದು ಆ್ಯಪ್‌ಗೆ ಇಡೀ ವರ್ಷದ ದುಡ್ಡು ಕಟ್ಟಿದೆ.

ಮೊದಲ ದಿನ ಶ್ರುತಿಪೆಟ್ಟಿಗೆ ಹಾಕಿ ಸರಳೆ, ಅಂದರೆ ಮೊದಲ ಸ್ವರಪಾಠ, ಶುರು ಮಾಡಿದೆ. ಎರಡೇ ನಿಮಿಷಕ್ಕೆ ಒಬ್ಬ ಹುಡುಗಿ, "ಮಿಸ್, ಶ್ರುತಿ ಕೇಳಿಸ್ತಾನೇ ಇಲ್ಲ" ಅಂದಳು. ಪೆಟ್ಟಿಗೆ ನನ್ನ ಪಕ್ಕದಲ್ಲೇ ಮೊಳಗುತ್ತಿತ್ತು! ಇಂಥ ಆ್ಯಪ್‌ಗಳು ಮಾತಿಗೆಂದು ಮಾಡಿದವು. ಒಂದೇ ಸಮನೆ ಬರುವ ಸದ್ದನ್ನು ಫ್ಯಾನಿನ ಸದ್ದು ಅಂದುಕೊಂಡು ಒರೆಸಿಬಿಡುತ್ತವೆ. ಷಡ್ಜದಲ್ಲಿ, ಅಂದರೆ 'ಸ' ಸ್ವರದಲ್ಲಿ, ನಿಂತರೆ ನನ್ನ ದನಿಯೂ ಅಲ್ಲಲ್ಲಿ ಕರಗಿ ಹೋಗುತ್ತಿತ್ತು. ಮಕ್ಕಳು ಪಾಪ, ಕೇಳಿಸಿದಷ್ಟೇ ಹಾಡಿದರು. ಸ್ವರವನ್ನು ಅರ್ಧಕ್ಕೇ ಬಿಡುವ ಅಭ್ಯಾಸ ಆಯಿತು. ಅದನ್ನು ತಿದ್ದಲು ಒಂದು ತಿಂಗಳು ಹಿಡಿಯಿತು. ದುಡ್ಡಿಗಿಂತ ಇದೇ ನನಗೆ ಜಾಸ್ತಿ ನೋವಾಗಿದ್ದು.

ಈಗ ಪಾಠಕ್ಕೆ ಬಳಸುವ ಜಿಟ್ಸಿ ಮೀಟ್ ಬ್ರೌಸರ್‌ನಲ್ಲೇ ತೆರೆಯುತ್ತದೆ, ಪುಕ್ಕಟೆ. ಲಿಂಕಿನ ಕೊನೆಗೆ ಒಂದು ಸಣ್ಣ ಸಾಲು ಸೇರಿಸಿದರೆ ಸದ್ದು ಸೋಸುವುದನ್ನೇ ಬಿಡುತ್ತದೆ. ಶ್ರುತಿ ತುಂಬಿ ಬರುತ್ತದೆ. ಆದರೆ ಪ್ರತಿಧ್ವನಿ ತಡೆಯುವುದೂ ನಿಲ್ಲುತ್ತದೆ, ಹಾಗಾಗಿ ಎಲ್ಲರಿಗೂ ಹೆಡ್‌ಫೋನ್ ಬೇಕೇ ಬೇಕು. 2023ರ ಆಗಸ್ಟ್‌ನಿಂದ ಅವರ ಸೈಟಿನಲ್ಲಿ ರೂಮ್ ತೆರೆಯುವವರು ಲಾಗಿನ್ ಆಗಬೇಕು. ಮಕ್ಕಳಿಗೆ ಅದೂ ಬೇಡ, ಲಿಂಕ್ ಒತ್ತಿದರೆ ಸಾಕು.

ಜೂಮ್‌ನಲ್ಲಿ ಸಂಗೀತದವರಿಗೆಂದೇ 'ಒರಿಜಿನಲ್ ಸೌಂಡ್' ಇದೆ, ಚೆನ್ನಾಗಿಯೂ ಇದೆ. ಪುಕ್ಕಟೆಯಾದರೆ 40 ನಿಮಿಷ ಮಾತ್ರ, ನನ್ನದು ಒಂದು ಗಂಟೆಯ ಪಾಠ. ದುಡ್ಡು ಕಟ್ಟುವವರಿದ್ದರೆ ಧಾರಾಳವಾಗಿ ತೆಗೆದುಕೊಳ್ಳಲಿ. ಗೂಗಲ್ ಮೀಟ್ ಮೂವರು ಅಥವಾ ಹೆಚ್ಚು ಜನರಿದ್ದರೆ ಪುಕ್ಕಟೆಯಾಗಿ 60 ನಿಮಿಷ ಕೊಡುತ್ತದೆ. ಅಪ್ಪ ಅಮ್ಮಂದಿರ ಜೊತೆ ಮಾತಾಡಲು ಅದನ್ನೇ ಬಳಸುತ್ತೇನೆ.

ಮಕ್ಕಳ ವರ್ಷದ ಕಛೇರಿಗೆ ಮಾತ್ರ ಯೂಟ್ಯೂಬ್ ಲೈವ್. ಊರಿನ ಅಜ್ಜ ಅಜ್ಜಿಯರೂ ಸುಮ್ನೆ ಒತ್ತಿ ನೋಡಬಹುದು. ಮೊದಲ ಸಲ ಲೈವ್ ಆನ್ ಮಾಡುವವರು ಹಿಂದಿನ ದಿನವೇ ಮಾಡಿಡಿ, 24 ಗಂಟೆ ಹಿಡಿಯಬಹುದು. ಫೋನಿನಿಂದ ಮಾಡಲು 50 ಚಂದಾದಾರರು ಬೇಕು. ನಾವು ಲ್ಯಾಪ್‌ಟಾಪ್‌ನಲ್ಲಿ ಓಬಿಎಸ್ ಎಂಬ ಲೈವ್ ಕಳಿಸುವ ಸಾಫ್ಟ್‌ವೇರ್ ಹಾಕಿಕೊಂಡೆವು, ಅದೂ ಪುಕ್ಕಟೆ.

ಯಾವುದರಲ್ಲೂ ಜೊತೆಯಾಗಿ ಹಾಡಲು ಆಗುವುದಿಲ್ಲ, ಸದ್ದು ತಡವಾಗಿ ಬರುತ್ತದೆ. ನಾನು ಒಂದು ಸಾಲು ಹಾಡಿ ಸುಮ್ಮನಾಗುತ್ತೇನೆ, ಆಮೇಲೆ ಮಕ್ಕಳು ಅದನ್ನೇ ಹೇಳುತ್ತಾರೆ.

ಶ್ರುತಿ ನುಂಗಿದ ಆ ಮೊದಲ ಆ್ಯಪ್‌ಗೆ ಈ ವರ್ಷ ದುಡ್ಡು ಕಟ್ಟಲಿಲ್ಲ. ಎಲೆಕ್ಟ್ರಾನಿಕ್ ಸಾಮಾನು ಸಿಗುವ ಎಸ್‌ಪಿ ರೋಡಿಗೆ ಹೋಗಿ ಒಂದು ಯುಎಸ್‌ಬಿ ಮೈಕ್ ತಂದೆ. ಶ್ರುತಿಪೆಟ್ಟಿಗೆಯನ್ನು ಅದರಿಂದ ಒಂದು ಮೊಳ ದೂರ ಇಡುತ್ತೇನೆ.