ಯುರೇಕಾ ದಂಗೆ: ಹಳೇ ಸಿನಿಮಾ, ಟಿವಿ ಸರಣಿ, ಬ್ಯಾಲರಾಟ್‌ನ ರಾತ್ರಿ ಷೋ. ಅಪ್ಪನ ಜೊತೆ ಮೂರೂ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 1984ರ ಟಿವಿ ಸರಣಿಗೆ. ಅದರ ಕೊನೆಯ ಭಾಗ ನಾನಿನ್ನೂ ನೋಡಿಲ್ಲ. ಆದರೂ ಅದಕ್ಕೇ. ಯಾಕೆ ನೋಡಿಲ್ಲ ಅನ್ನುವುದು ಬೇರೆ ರಾಮಾಯಣ, ಆಮೇಲೆ ಬರುತ್ತೇನೆ.

ಇದೆಲ್ಲ ಶುರುವಾಗಿದ್ದು ಅಪ್ಪನಿಂದ. ಅಪ್ಪ ಕೆಜಿಎಫ್‌ನವರು. ಅಲ್ಲಿನ ಚಾಂಪಿಯನ್ ರೀಫ್ ಗಣಿಯಲ್ಲಿ ಕೇಜ್ (ಗಣಿಯ ಲಿಫ್ಟ್) ಹತ್ತಿ ಕೆಳಗೆ ಇಳಿದವರು, 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚುವವರೆಗೂ. ಮೆಲ್ಬರ್ನ್‌ಗೆ ಬಂದಾಗ ಸಮುದ್ರ ತೋರಿಸಿದೆ. "ಮದ್ರಾಸಲ್ಲೂ ಇದೆಯಲ್ಲೋ" ಅಂದರು. ದೊಡ್ಡ ಕಟ್ಟಡ ತೋರಿಸಿದೆ, ಲಿಫ್ಟ್ ನಿಧಾನ ಅಂದರು. ಇಲ್ಲೇ ನೂರಿಪ್ಪತ್ತು ಕಿಲೋಮೀಟರ್ ಒಳಗೆ ಬ್ಯಾಲರಾಟ್ ಅಂತ ಚಿನ್ನದ ಊರಿದೆ, 1854ರಲ್ಲಿ ಗಣಿಯವರು ಸರ್ಕಾರದ ಮೇಲೇ ಬಂದೂಕು ಎತ್ತಿದ್ದರು, ಅದೇ ಯುರೇಕಾ ದಂಗೆ ಅಂದಾಗ ಮಾತ್ರ ಎದ್ದು ಕೂತರು.

"ಎಷ್ಟು ಆಳ?" ದಂಗೆ ಬಗ್ಗೆ ಅಲ್ಲ, ಮೊದಲ ಪ್ರಶ್ನೆ ಅದು.

ಸರಿ, ಹೋಗುವ ಮುಂಚೆ ಮನೆಯಲ್ಲೇ ಕಥೆ ನೋಡಿಕೊಂಡು ಹೋಗೋಣ ಅಂತ ಎರಡು ತರಿಸಿದೆ. ಒಂದು 1949ರ ಕಪ್ಪುಬಿಳುಪು ಸಿನಿಮಾ, ಲಂಡನ್ನಿನ ಈಲಿಂಗ್ ಸ್ಟುಡಿಯೋದವರು ಆಸ್ಟ್ರೇಲಿಯಾಕ್ಕೆ ಬಂದು ತೆಗೆದದ್ದು. ಇನ್ನೊಂದು 1984ರಲ್ಲಿ ಇಲ್ಲಿನ ಟಿವಿಗೆ ಮಾಡಿದ ಎರಡು ಕಂತಿನ ಸರಣಿ. ಎರಡಕ್ಕೂ ಒಂದೇ ಹೆಸರು, "ಯುರೇಕಾ ಸ್ಟಾಕೇಡ್". ಸ್ಟಾಕೇಡ್ ಅಂದರೆ ದಂಗೆಯವರು ಕಟ್ಟಿಕೊಂಡ ಮರದ ಬೇಲಿ. ಹುಡುಕುವಾಗ ಹೆಸರು ಒಂದೇ ಇರುವುದೇ ದೊಡ್ಡ ತಲೆನೋವು. ಇಸವಿ ನೋಡದೆ ಕೊಂಡರೆ ಕೆಟ್ಟಿರಿ. ಮೂರನೆಯದು ಬ್ಯಾಲರಾಟ್‌ನ ಸಾವರಿನ್ ಹಿಲ್‌ನಲ್ಲಿ ನಾವು ರಾತ್ರಿ ನೋಡಿದ ಬೆಳಕು-ಧ್ವನಿ ಪ್ರದರ್ಶನ.

ಸಿನಿಮಾದ್ದು ಬೇಗ ಮುಗಿಸುತ್ತೇನೆ. ಹೀರೋ ಅಂದರೆ ದಂಗೆಯ ಮುಂದಾಳು ಪೀಟರ್ ಲಾಲರ್, ಆ ಪಾತ್ರಕ್ಕೆ ಚಿಪ್ಸ್ ರಾಫರ್ಟಿ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರದ ಆಳು. ನಿಂತರೆ ಕಂಬ, ಮಾತಾಡಿದರೂ ಕಂಬ. ಪೀಟರ್ ಫಿಂಚ್ ಸಣ್ಣ ಪಾತ್ರದಲ್ಲಿ ಬಂದು ಹೋಗುತ್ತಾರೆ, ಅವರನ್ನೇ ಲಾಲರ್ ಮಾಡಬೇಕಿತ್ತು ಅಂತ ನನಗೆ ಉದ್ದಕ್ಕೂ ಅನ್ನಿಸಿತು. ಚಿತ್ರೀಕರಣ ನಡೆದದ್ದು ಬ್ಯಾಲರಾಟ್‌ನಲ್ಲಿ ಅಲ್ಲ, ನ್ಯೂ ಸೌತ್ ವೇಲ್ಸ್‌ನ ಸಿಂಗಲ್ಟನ್ ಹತ್ತಿರ. ಸುಮಾರು ಒಂದೂಮುಕ್ಕಾಲು ಗಂಟೆ. ಅಷ್ಟರಲ್ಲಿ ಕೊಲೆ, ಬೆಂಕಿ, ಸಭೆ, ಯುದ್ಧ ಎಲ್ಲ ಓಡೋಡಿ ಬರುತ್ತವೆ. ಅಪ್ಪ ಅರ್ಧಕ್ಕೆ ನಿದ್ದೆಹೋದರು. ಡಿಸ್ಕ್ ಮಾತ್ರ ಚೊಕ್ಕಟವಾಗಿತ್ತು, ಎಲ್ಲೂ ತೊದಲಲಿಲ್ಲ.

ಈಗ ಸರಣಿ. ಅದನ್ನು ಹಳೇ ಸಾಮಾನು ಮಾರುವ ಒಬ್ಬರಿಂದ ಆನ್‌ಲೈನಿನಲ್ಲಿ 22 ಡಾಲರ್ ಕೊಟ್ಟು ತರಿಸಿದೆ. ಫೋಟೋದಲ್ಲಿ ಡಬ್ಬಿ ಇತ್ತು. ಬಂದದ್ದು ಒಂದು ಕವರ್. ಅದರೊಳಗೆ ಎರಡು ಬೆಳ್ಳನೆ ಡಿಸ್ಕ್, ಮೇಲೆ ಮಾರ್ಕರ್ ಪೆನ್ನಿನಲ್ಲಿ ಒಂದು, ಎರಡು ಅಂತ ನಂಬರ್. ಯಾರೋ ಆ ಕಾಲದಲ್ಲಿ ಟಿವಿಯಿಂದ ಟೇಪಿಗೆ ಇಳಿಸಿಕೊಂಡದ್ದು, ಅದನ್ನು ಇನ್ಯಾರೋ ಡಿಸ್ಕಿಗೆ ಹಾಕಿದ್ದು. ಪರದೆಯ ಕೆಳಗೆ ಒಂದು ಬಿಳಿ ಗೆರೆ ಸದಾ ನಡುಗುತ್ತಿರುತ್ತದೆ. ಮಧ್ಯೆ ಮಧ್ಯೆ ಆ ಕಾಲದ ಜಾಹೀರಾತು. ಅಪ್ಪನಿಗೆ ಜಾಹೀರಾತು ಬಹಳ ಹಿಡಿಸಿತು. ಅದರ ಇಂಗ್ಲಿಷ್ ಪೂರ್ತಿ ಅರ್ಥವಾಗುತ್ತಿತ್ತಲ್ಲ!

ಕಥೆಯ ಇಂಗ್ಲಿಷ್ ಆಗುತ್ತಿರಲಿಲ್ಲ. ಸಬ್‌ಟೈಟಲ್ ಎಲ್ಲಿಂದ ಬರಬೇಕು? ಐರಿಷ್ ಉಚ್ಚಾರಣೆ, ಅದರ ಮೇಲೆ ಟೇಪಿನ ಗೊರಗೊರ. ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಹತ್ತು ನಿಮಿಷಕ್ಕೊಮ್ಮೆ ನಿಲ್ಲಿಸುವುದು, ಹೇಳುವುದು, ಮತ್ತೆ ಹಾಕುವುದು. ಅಮ್ಮ ಅಡುಗೆಮನೆಯಿಂದ, "ಹರಿಕಥೆ ಮುಗಿದ ಮೇಲೆ ಊಟಕ್ಕೆ ಬನ್ನಿ" ಅಂದರು.

ಅಷ್ಟು ಸಾಲದು ಅಂತ ಎರಡನೇ ರಾತ್ರಿ ಆದದ್ದು ನೋಡಿ. ಬೆಳಗಿನ ಜಾವ, ಸೈನಿಕರು ನುಗ್ಗಿ ಆಯಿತು, ಹೊಗೆ, ಕೂಗಾಟ. ನಾವಿಬ್ಬರೂ ಸೋಫಾದ ತುದಿಗೆ ಬಂದಿದ್ದೆವು. ಪರದೆ ಒಮ್ಮೆ ಕಪ್ಪಾಯಿತು. ಆಮೇಲೆ ಕ್ರಿಕೆಟ್! ಅಲನ್ ಬಾರ್ಡರ್ ಬ್ಯಾಟಿಂಗ್. ಟೇಪಿನ ಯಜಮಾನ ಮ್ಯಾಚ್ ಮಿಸ್ ಆಗಬಾರದು ಅಂತ ಅದರ ಮೇಲೇ ರೆಕಾರ್ಡ್ ಮಾಡಿಕೊಂಡಿದ್ದಾನೆ. ಮುಂದೆ ಓಡಿಸಿದೆ, ಹಿಂದೆ ಓಡಿಸಿದೆ, ಬರೀ ಬಾರ್ಡರ್. ಅಪ್ಪ ಬೇಜಾರೇ ಮಾಡಿಕೊಳ್ಳಲಿಲ್ಲ. "ಇರಲಿ ಬಿಡೋ, ಈ ಓವರ್ ನೋಡೋಣ" ಅಂದರು. ಮಾರಿದವರಿಗೆ ಬರೆದೆ. ಟೇಪಿನಲ್ಲಿ ಇದ್ದಿದ್ದೇ ಅಷ್ಟು ಅಂತ ಉತ್ತರ ಬಂತು. ವಾಪಸ್ ಕಳಿಸಲು ಅಂಚೆ ಖರ್ಚು ನನ್ನದೇ ಅಂತೆ. ಬಿಟ್ಟೆ. ನೀವು ಕೊಳ್ಳುವುದಾದರೆ ಡಿಸ್ಕಿನ ಮುಖದ ಫೋಟೋ ಕೇಳಿ, ಡಬ್ಬಿಯದ್ದಲ್ಲ.

ಇಷ್ಟೆಲ್ಲ ಆದಮೇಲೂ ನನಗೆ ಅದೇ ಯಾಕೆ ಇಷ್ಟ? ಅದಕ್ಕೆ ಪುರುಸೊತ್ತಿದೆ. ಬ್ರಯನ್ ಬ್ರೌನ್ ಮಾಡಿದ ಲಾಲರ್ ಮೊದಲ ದೃಶ್ಯಕ್ಕೇ ನಾಯಕ ಅನ್ನಿಸುವುದಿಲ್ಲ. ತನ್ನ ಪಾಡಿಗೆ ತಾನಿರುವ ಆಸಾಮಿ, ಬೇರೆ ದಾರಿಯಿಲ್ಲದೆ ಮುಂದೆ ಬಂದು ನಿಲ್ಲುತ್ತಾನೆ. ಆ ಬದಲಾವಣೆ ಎರಡು ರಾತ್ರಿಯಲ್ಲಿ ಮೆಲ್ಲಗೆ ಆಗುತ್ತದೆ. ದಂಗೆ ಆಗಿದ್ದೂ ಹಾಗೇ ಅಲ್ವಾ? 1854ರ ಅಕ್ಟೋಬರ್ 7ರಂದು ಜೇಮ್ಸ್ ಸ್ಕೋಬಿ ಅನ್ನುವ ಡಿಗ್ಗರ್‌ನ, ಅಂದರೆ ಚಿನ್ನ ತೋಡುವವನ, ಕೊಲೆ. ಆರೋಪ ಬಂದದ್ದು ಯುರೇಕಾ ಹೋಟೆಲಿನ ಮಾಲೀಕ ಬೆಂಟ್ಲಿಯ ಮೇಲೆ. ಅವನನ್ನು ಅಲ್ಲಿನ ಮ್ಯಾಜಿಸ್ಟ್ರೇಟರು ಬಿಟ್ಟು ಕಳಿಸಿದರು. 17ಕ್ಕೆ ಜನ ಹೋಟೆಲಿಗೆ ಬೆಂಕಿ ಇಟ್ಟರು. ನವೆಂಬರ್ 11ಕ್ಕೆ ಬೇಕರಿ ಹಿಲ್‌ನಲ್ಲಿ ಸಭೆ, 29ಕ್ಕೆ ಅಲ್ಲೇ ಚಿನ್ನ ತೋಡಲು ಸರ್ಕಾರಕ್ಕೆ ದುಡ್ಡು ಕಟ್ಟಿ ತೆಗೆದುಕೊಳ್ಳಬೇಕಿದ್ದ ಲೈಸೆನ್ಸ್ ಸುಟ್ಟರು. ಡಿಸೆಂಬರ್ 3, ಭಾನುವಾರ ಬೆಳಕು ಹರಿಯುವ ಮುಂಚೆ ಅವರ ಬೇಲಿಯ ಮೇಲೆ ಸೈನಿಕರ ದಾಳಿ. ಕಾದಾಟ ನಡೆದದ್ದು ಇಪ್ಪತ್ತು ನಿಮಿಷವೂ ಇರಲಾರದು. ಡಿಗ್ಗರ್‌ಗಳ ಕಡೆ ಕನಿಷ್ಠ 22 ಜನ ಹೋದರು. ಎರಡು ತಿಂಗಳು ಕುದಿದದ್ದು ಇಪ್ಪತ್ತು ನಿಮಿಷದಲ್ಲಿ ಮುಗಿಯಿತು. ಸಿನಿಮಾದಲ್ಲಿ ಆ ಇಪ್ಪತ್ತು ನಿಮಿಷ ನೆನಪಿನಲ್ಲಿ ಉಳಿಯುತ್ತದೆ, ಸರಣಿಯಲ್ಲಿ ಆ ಎರಡು ತಿಂಗಳು.

ಎರಡರಲ್ಲೂ ನನಗೆ ಸಾಲದು ಅನ್ನಿಸಿದ್ದು ನೆಲದ ಕೆಳಗಿನ ಕೆಲಸ. ಅದನ್ನು ಹಿಡಿದವರು ಅಪ್ಪ. ಲೈಸೆನ್ಸ್ ಆಗ ತಿಂಗಳಿಗೆ ಒಂದು ಪೌಂಡ್ ಅಂತ ಹೇಳಿದೆ. "ಚಿನ್ನ ಸಿಕ್ಕರೆ ತಾನೇ?" ಅಂದರು. ಇಲ್ಲಪ್ಪ, ಸಿಗಲಿ ಬಿಡಲಿ ಕಟ್ಟಬೇಕು ಅಂದೆ. ಅಪ್ಪ ಟಿವಿ ನಿಲ್ಲಿಸು ಅಂದರು. ಹಾಲಿನ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಉದ್ದಕ್ಕೆ ಒಂದು ಶಾಫ್ಟ್, ಅಂದರೆ ಗಣಿಗೆ ಇಳಿಯುವ ಬಾವಿ, ಬರೆದರು. ಬ್ಯಾಲರಾಟ್‌ನಲ್ಲಿ ಚಿನ್ನ ಇದ್ದದ್ದು ಮಣ್ಣಿನಡಿ ಹೂತುಹೋದ ಹಳೇ ಹೊಳೆಯ ಪಾತ್ರದಲ್ಲಿ. ಮೇಲಿನಿಂದ ಜೇಡಿ, ನೀರು ಎಲ್ಲ ದಾಟಿ ನೂರು ಅಡಿಗೂ ಜಾಸ್ತಿ ತೋಡಬೇಕು. ತಿಂಗಳುಗಟ್ಟಲೆ ಕೆಲಸ, ತಳ ಮುಟ್ಟಿದ ಮೇಲೆ ಹೊಳೆ ಪಕ್ಕಕ್ಕೆ ತಿರುಗಿದ್ದರೆ ಬರಿಗೈ. ಅಪ್ಪ ಶಾಫ್ಟಿನ ಪಕ್ಕದಲ್ಲಿ ಒಂದೊಂದೇ ಗೀಟು ಹಾಕುತ್ತಾ ಹೋದರು, ತಿಂಗಳಿಗೊಂದು. ಆರು ಗೀಟಾದ ಮೇಲೆ ಪೆನ್ನು ಕೆಳಗಿಟ್ಟು, "ಸಂಬಳ ಇಲ್ಲ, ತೆರಿಗೆ ಮಾತ್ರ ಇದೆ. ಹೊಡೆದಾಡದೆ ಇರ್ತಾರಾ?" ಅಂದರು.

ಅದರ ಮೇಲೆ ತಪಾಸಣೆ ಬೇರೆ. ಆಳದಲ್ಲಿ ತೋಡುತ್ತಿರುವವನು ಪೊಲೀಸರು ಬಂದಾಗಲೆಲ್ಲ ಹಗ್ಗ ಹಿಡಿದು ಮೇಲೆ ಬಂದು ಚೀಟಿ ತೋರಿಸಬೇಕು. ಹೊಸ ಗವರ್ನರ್ ಹೋಥಮ್ ಬಂದಮೇಲೆ ವಾರಕ್ಕೆ ಎರಡು ಸಲ. ಪೊಲೀಸರು ಕಂಡರೆ ಡಿಗ್ಗರ್‌ಗಳು "ಜೋ! ಜೋ!" ಅಂತ ಕೂಗಿ ಒಬ್ಬರಿಗೊಬ್ಬರು ಸುದ್ದಿ ಮುಟ್ಟಿಸುತ್ತಿದ್ದರು. ಹೋಥಮ್‌ಗಿಂತ ಮುಂಚೆ ಇದ್ದ ಚಾರ್ಲ್ಸ್ ಜೋಸೆಫ್ ಲಾ ಟ್ರೋಬ್‌ನ ಹೆಸರಿನಿಂದ ಬಂದ ಕೂಗು. ಅಪ್ಪ ಇದನ್ನು ಎಷ್ಟು ಮೆಚ್ಚಿದರೆಂದರೆ, ಮರುದಿನದಿಂದ ಅಮ್ಮ ಸಕ್ಕರೆ ಡಬ್ಬ ಚೆಕ್ ಮಾಡಲು ಬಂದಾಗಲೆಲ್ಲ "ಜೋ! ಜೋ!"

ಮೂರನೆಯದು, ಬ್ಯಾಲರಾಟ್. ರೈಲು ಮೆಲ್ಬರ್ನ್‌ನ ಸದರ್ನ್ ಕ್ರಾಸ್ ಸ್ಟೇಷನ್ನಿನಿಂದ. ಸದರ್ನ್ ಕ್ರಾಸ್ ಅಂದರೆ ಇಲ್ಲಿನ ಆಕಾಶದ ಒಂದು ನಕ್ಷತ್ರಪುಂಜ, ದಂಗೆಯವರು ಹಾರಿಸಿದ ಬಾವುಟದ ಮೇಲಿದ್ದದ್ದೂ ಅದೇ ನಕ್ಷತ್ರಗಳು. ಸಾವರಿನ್ ಹಿಲ್ ಅಂದರೆ 1850ರ ದಶಕದ ಗಣಿ ಊರನ್ನು ಮತ್ತೆ ಕಟ್ಟಿರುವ ಬಯಲು ಮ್ಯೂಸಿಯಂ. ನಾವು ನೋಡಿದ ರಾತ್ರಿ ಷೋನಲ್ಲಿ ನಟರಿರಲಿಲ್ಲ, ಬೆಳಕು ಮತ್ತು ಧ್ವನಿ ಮಾತ್ರ. ಹೋಟೆಲಿಗೆ ಬೆಂಕಿ ಬಿದ್ದಾಗ ಮುಖಕ್ಕೆ ಕೆಂಪು ಬೆಳಕು ಹೊಡೆಯಿತು, ಮಕ್ಕಳಿಗೆ ಖುಷಿ. ಆದರೆ ನಿಲ್ಲಿಸಿ ಪ್ರಶ್ನೆ ಕೇಳುವಂತಿರಲಿಲ್ಲ. ಅಪ್ಪನಂಥವರಿಗೆ ಅದೇ ತೊಂದರೆ. ಚಳಿಯಂತೂ ಕೇಳಬೇಡಿ, ಎರಡು ಸ್ವೆಟರ್ ಮೇಲೆ ನನ್ನ ಮಫ್ಲರ್ ಸುತ್ತಿಕೊಂಡರೂ ನಡುಗುತ್ತಿದ್ದರು. ನಾಲ್ಕು ಜನದ ಟಿಕೆಟ್, ಊಟ, ರಾತ್ರಿ ಉಳಿಯುವ ಖರ್ಚು ಸೇರಿಸಿದರೆ ನಮ್ಮ ಮನೆಯ ಎರಡು ವಾರದ ದಿನಸಿ.

ಹಗಲಿನ ಗಣಿ ಮಾತ್ರ ಬಿಡಬೇಡಿ. ಅಲ್ಲಿ 1858ರಲ್ಲಿ ಸಿಕ್ಕಿದ "ವೆಲ್ಕಮ್ ನಗೆಟ್" ಕಥೆ ಹೇಳುತ್ತಾರೆ. ಸುಮಾರು 69 ಕಿಲೋ ಚಿನ್ನದ ಗಟ್ಟಿ, ಇಂಗ್ಲೆಂಡಿನ ಕಾರ್ನ್‌ವಾಲ್‌ನ ಗಣಿಗಾರರ ಗುಂಪಿಗೆ 180 ಅಡಿ ಆಳದಲ್ಲಿ ಸಿಕ್ಕಿದ್ದು. ಕಾರ್ನಿಷ್ ಅಂದಕೂಡಲೇ ಅಪ್ಪ, "ನಮ್ಮಲ್ಲಿಗೂ ಬಂದಿದ್ರಲ್ಲ, ಟೇಲರ್ ಕಂಪನಿ ಕಾಲದಲ್ಲಿ" ಅಂದರು, ನೆಂಟರು ಸಿಕ್ಕ ಹಾಗೆ. ಕೆಜಿಎಫ್ ಗಣಿ ನಡೆಸುತ್ತಿದ್ದ ಬ್ರಿಟಿಷ್ ಕಂಪನಿ ಅದು. 180 ಅಡಿಗೆ ಮಾತ್ರ ನಕ್ಕರು. "ಅಷ್ಟರೊಳಗೆ ನಮ್ಮ ಕೇಜು ಸ್ಪೀಡೇ ತಗೊಂಡಿರಲ್ಲ." ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಕೆಳಗೆ ಹೋಗಿತ್ತು, ನಗದೆ ಇನ್ನೇನು? ಆಮೇಲೆ ಗೋಡೆಗೆ ಕೊಟ್ಟಿದ್ದ ಮರದ ಆಸರೆಯನ್ನು ಬೆರಳಿನಿಂದ ತಟ್ಟಿ ಕಿವಿಕೊಟ್ಟರು. ಅದು ಪ್ರದರ್ಶನಕ್ಕೆ ಇಟ್ಟದ್ದು ಅಂತ ಗೊತ್ತಿದ್ದೂ.

ಮರುದಿನ ಬಾವುಟ ನೋಡಲು ಹೋದೆವು. ಯುರೇಕಾ ಸೆಂಟರಿನಲ್ಲಿ, ಮಬ್ಬುಬೆಳಕಿನ ಕೋಣೆ. ನೀಲಿ ಬಟ್ಟೆ ಮಾಸಿದೆ, ದೊಡ್ಡ ಭಾಗವೇ ಇಲ್ಲ. ನೆನಪಿಗೆ ಅಂತ ಜನ ಚೂರು ಚೂರು ಕತ್ತರಿಸಿಕೊಂಡು ಹೋಗಿದ್ದಾರೆ. ಅಪ್ಪ ಅದರ ಮುಂದೆ ಮಾತಾಡದೆ ನಿಂತರು. ಹೊರಗೆ ಬಂದಮೇಲೆ 1946ರ ನವೆಂಬರ್ 4ರ ಮಾತೆತ್ತಿದರು. ಕೆಜಿಎಫ್‌ನಲ್ಲಿ ಗೋಲಿಬಾರ್ ಆಗಿ ಆರು ಜನ ಕಾರ್ಮಿಕರು ಸತ್ತ ದಿನ. ಅಪ್ಪ ಆಗ ಹುಟ್ಟಿರಲಿಲ್ಲ, ತಾತ ಹೇಳಿದ್ದು. "ಅದನ್ನ ಯಾರು ಸೀರಿಯಲ್ ಮಾಡ್ತಾರೆ?" ಅಂದು ಟೀ ಎಲ್ಲಿ ಸಿಗುತ್ತೆ ಅಂತ ಹುಡುಕಲು ಹೊರಟರು.

ನಮ್ಮದು ರಾತ್ರಿ ಎಂಟಕ್ಕೆ ತಟ್ಟೆ ಹಿಡಿದು ಟಿವಿ ಮುಂದೆ ಕೂರುವ ಮನೆ. ಮಧ್ಯೆ ಮಾತಾಡದೆ ಯಾರಿಗೂ ಊಟ ಇಳಿಯುವುದಿಲ್ಲ. ಅಂಥವರಿಗೆ ಎರಡು ಕಂತಿನ ಸರಣಿಯೇ ಸರಿ. ಒಬ್ಬರೇ ಇದ್ದೀರಿ, ಹಳೇ ಸಿನಿಮಾ ಹುಚ್ಚು ಇದೆ ಅಂದರೆ 1949ರದ್ದು ನೋಡಿ. ದುಡ್ಡು ಖರ್ಚು ಮಾಡುವುದಾದರೆ ಹಗಲಿನ ಗಣಿ, ಬಾವುಟ ಎರಡಕ್ಕೆ ಮಾಡಿ. ರಾತ್ರಿ ಷೋ ಈಗಲೂ ಇದ್ದರೆ, ಅದು ಮಕ್ಕಳಿದ್ದವರಿಗೆ ಮಾತ್ರ.

ಕ್ರಿಕೆಟ್ ನುಂಗಿದ ಕಥೆಯ ಕೊನೆಯನ್ನು ನಾನೇ ವಾಪಸ್ ಬರುವ ರೈಲಿನಲ್ಲಿ ಅಪ್ಪನಿಗೆ ಹೇಳಿದೆ. 13 ಜನರ ಮೇಲೆ ರಾಜದ್ರೋಹದ ಕೇಸು. ಮೊದಲು ನಿಲ್ಲಿಸಿದ್ದು ಜಾನ್ ಜೋಸೆಫ್ ಅನ್ನುವ ಅಮೆರಿಕದ ಕರಿಯನನ್ನು. ಜ್ಯೂರಿ ಬಿಟ್ಟಿತು, ಜನ ಅವನನ್ನು ಕುರ್ಚಿಯಲ್ಲಿ ಹೊತ್ತು ಮೆಲ್ಬರ್ನ್ ಬೀದಿಯಲ್ಲಿ ಮೆರೆಸಿದರು. ಉಳಿದವರೂ ಬಿಡುಗಡೆಯಾದರು. 1855ರಲ್ಲಿ ಲೈಸೆನ್ಸ್ ಹೋಗಿ ವರ್ಷಕ್ಕೆ ಒಂದು ಪೌಂಡಿನ ಹಕ್ಕುಪತ್ರ ಬಂತು. ಗುಂಡೇಟಿನಿಂದ ಎಡಗೈ ಕಳೆದುಕೊಂಡ ಲಾಲರ್ ಅದೇ ವರ್ಷ ಶಾಸನಸಭೆಗೆ ಹೋದ.

"ಕೈಗೆ ಪರಿಹಾರ ಎಷ್ಟು ಕೊಟ್ರು?" ಅಪ್ಪನ ಪ್ರಶ್ನೆ.

ಅದು ಗೊತ್ತಿಲ್ಲಪ್ಪ, ಆದರೆ 1873ರಲ್ಲಿ ಕ್ಲೂನ್ಸ್ ಅನ್ನುವ ಊರಿನ ಗಣಿಗೆ ಅವನೇ ಡೈರೆಕ್ಟರ್ ಆಗಿದ್ದ, ಅಲ್ಲಿ ಮುಷ್ಕರ ಆದಾಗ ಅದನ್ನು ಮುರಿಯಲು ಕಂಪನಿ ಚೀನೀ ಕೆಲಸಗಾರರನ್ನು ಕರೆಸಿತ್ತು ಅಂದೆ.

ಅಪ್ಪ ಕಿಟಕಿ ಕಡೆ ತಿರುಗಿದರು. "ಹಾಗಾದ್ರೆ ಕ್ರಿಕೆಟ್ಟೇ ವಾಸಿ ಬಿಡು."