ಮಲ್ಪೆಯ ಶೇರಿಂಗ್ ಬೋಟ್: ತುಮಕೂರಿನಿಂದ ಗಾಳ ಹಿಡಿದು ಹೊರಡುವವರಿಗೆ

ಹಲವರು ಬಾಡಿಗೆ ಹಂಚಿಕೊಂಡು ಒಂದೇ ಬೋಟಿನಲ್ಲಿ ಸಮುದ್ರಕ್ಕೆ ಗಾಳ ಹಾಕಲು ಹೋಗುವುದೇ ಶೇರಿಂಗ್ ಬೋಟ್. ಮಾರ್ಕೋನಹಳ್ಳಿ ಜಲಾಶಯದಲ್ಲಿ ಕಾಟ್ಲಾ ಎಳೆದ ಅಭ್ಯಾಸ ಇಲ್ಲಿ ಅರ್ಧಕ್ಕೇ ಸಾಲುತ್ತದೆ. ಬೋಟಿನವರಿಗೆ ನೀರಡಿಯ ಬಂಡೆಗಳ ಜಾಗ ಚೆನ್ನಾಗಿ ಗೊತ್ತು, ಮುರು ಮೀನು (ಗ್ರೂಪರ್) ಸಿಗುವುದೂ ಅಲ್ಲೇ. ಆದರೆ ಒಂದು ಬೋಟಿಗೆ ಎಂಟು ಜನ ಜಾಸ್ತಿಯಾಯಿತು. ದಾರ ಮುಳುಗಿಸುವ ಸೀಸವನ್ನು ಒಬ್ಬರು ಹಗುರದ್ದು ಕಟ್ಟಿದರೂ ಸಾಕು, ಅವರ ದಾರ ಸೆಳೆತಕ್ಕೆ ಓರೆಯಾಗಿ ಹೋಗಿ ಪಕ್ಕದವರದಕ್ಕೆ ಸುತ್ತಿಕೊಳ್ಳುತ್ತದೆ. ಆಮೇಲೆ ಗಂಟು ಬಿಡಿಸುವುದೇ ಕೆಲಸ. ಹತ್ತುವ ಮೊದಲೇ ಮಾತಾಡಿಕೊಂಡು ಎಲ್ಲರೂ 100 ಗ್ರಾಂ ಕಟ್ಟಿ. ಸೀಸ ತಳ ಮುಟ್ಟಿದ ಕೂಡಲೇ ರೀಲ್ ಎರಡು ಸುತ್ತು ಎತ್ತಿ, ಇಲ್ಲದಿದ್ದರೆ ಕೊಕ್ಕೆ ಬಂಡೆಪಾಲು. ಮುರು ಕಚ್ಚಿದಾಗ ದಾರ ಸಡಿಲ ಬಿಟ್ಟಿರೋ, ಪೊಟರೆಗೆ ನುಗ್ಗಿತೆಂದೇ ಲೆಕ್ಕ.

ಬಾಡಿಗೆ ರಾಡ್ ಗಟ್ಟಿಯಿದೆ, ರೀಲಿನ ಡ್ರ್ಯಾಗ್ (ಮೀನು ಎಳೆದಾಗ ದಾರ ಬಿಡುವ ಬ್ರೇಕ್) ಮಾತ್ರ ಉಪ್ಪು ಹಿಡಿದು ಬಿಗಿ. ಗಾಳಕ್ಕೆ ಬೋಟಿನವರು ಕೊಡುವ ಸಿಗಡಿ ಮೆತ್ತಗಿದ್ದರೆ ಬೊಂಡಾಸ್ (ಸ್ಕ್ವಿಡ್) ಕೇಳಿ, ಅದು ಕೊಕ್ಕೆಯಿಂದ ಜಾರದು. ವಾಂತಿ ಮಾತ್ರೆಯನ್ನು ಒಂದು ಗಂಟೆ ಮೊದಲೇ ನುಂಗಿ, ತಲೆ ತಿರುಗಿದ ಮೇಲೆ ನುಂಗಿದರೆ ಅದೂ ಸಮುದ್ರಕ್ಕೇ. ಕೆರೆಯ ರೀಲ್ ಒಯ್ದಿದ್ದರೆ ಅಲ್ಲೇ ಸಿಹಿನೀರಲ್ಲಿ ತೊಳೆಯಿರಿ. ಜೂನ್, ಜುಲೈನಲ್ಲಿ ಹೋಗುವ ಮಾತೇ ಬೇಡ.

ಮೀನಿನ ಕರುಳು ತೆಗೆಸಿ, ಥರ್ಮಕೋಲ್ ಪೆಟ್ಟಿಗೆಗೆ ಮೀನಿನಷ್ಟೇ ತೂಕದ ಐಸ್ ತುಂಬಿ. ಶಿರಾಡಿ ಘಾಟಿ ಹತ್ತಿ ತುಮಕೂರು ಮುಟ್ಟಲು ಒಂದು ರಾತ್ರಿ ಬೇಕು.